ಶುಂಠಿ ಮಡಿಗೆ ಹಾಕಿದ ಹಸಿರು ಬೂಷ್ಟು

ಅರವತ್ತರ ದಶಕದಲ್ಲಿ ನನ್ನನ್ನು ಹೊಸನಗರದ ಹತ್ತಿರದ ಹಳ್ಳಿಗೆ ಮದುವೆ ಮಾಡಿಕೊಟ್ಟ ವರ್ಷವೇ ಮಾವನವರ ಶುಂಠಿ ಕೊಳೆರೋಗಕ್ಕೆ ಹೋಯಿತು. ಸಾಗರದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ನನ್ನಣ್ಣ ಒಂದು ಗಾಜಿನ ತಟ್ಟೆ ತೋರಿಸಿದ. ಅದರಲ್ಲಿ ಕಾಡುಮಣ್ಣಿನ ಹಸಿರು ಬೂಷ್ಟು, ಕೊಳೆ ತರುವ ಬಿಳಿ ಬೂಷ್ಟನ್ನು ಮುತ್ತಿ ತಿನ್ನುತ್ತಿತ್ತು.

"ಮಣ್ಣಲ್ಲೂ ಹೀಗೇ ಮಾಡುತ್ತಾ ಗೊತ್ತಿಲ್ಲ, ಹಾಕಿ ನೋಡು," ಎಂದು ಅದನ್ನು ತೌಡಿನಲ್ಲಿ ಬೆಳೆಸಿ ಡಬ್ಬಿಯಲ್ಲಿ ಕೊಟ್ಟ.

ಮುಂದಿನ ವರ್ಷ ನೆಡುವಾಗ ಮಾವ ಎರಡು ಏರುಮಡಿ ಬಿಟ್ಟುಕೊಟ್ಟರು. ತೌಡನ್ನು ಗೊಬ್ಬರದಲ್ಲಿ ಕಲಸಿ ಬೀಜದ ಶುಂಠಿಯ ಜೊತೆ ಹಾಕಿದೆ. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ದೋಸೆ ಹುಯ್ಯುವಾಗಲೂ ಮನಸ್ಸು ಮಣ್ಣಿನೊಳಗೇ ಇರುತ್ತಿತ್ತು. ದಿನಾ ಬೆಳಗ್ಗೆ ಮೊದಲ ಮಡಿಯ ಬುಡಗಳನ್ನು ಕೆದಕಿ, ಗಡ್ಡೆ ಒತ್ತಿ ನೋಡಿ, ಮುಚ್ಚಿ ಬರುತ್ತಿದ್ದೆ.

ಒಂದು ದಿನ ಅತ್ತೆ ನೋಡಿಬಿಟ್ಟರು. "ದಿನಾ ಬೇರು ಹರಿದ್ರೆ ಅದು ಬದುಕೋದು ಹ್ಯಾಗೆ? ಇನ್ನೊಂದು ಮಡಿಗಾದ್ರೂ ಕೈ ಹಾಕ್ಬೇಡ."

ಎರಡನೆಯದಕ್ಕೆ ಕೈ ಹಾಕಲಿಲ್ಲ. ಮೊದಲನೆಯದನ್ನು ಬಿಡಲೂ ಆಗಲಿಲ್ಲ.

ಆಷಾಢ ಮುಗಿಯುವಷ್ಟರಲ್ಲಿ ನಾನು ಕೆದಕಿದ ಮಡಿ ಪೂರ್ತಿ ಹಳದಿಯಾಗಿ ಮಲಗಿತು. ಬೂಷ್ಟು ಹಾಕದ ಮಾವನ ಮಡಿಗಳಲ್ಲಿ ಅರ್ಧಕ್ಕರ್ಧ ಕೊಳೆತಿತ್ತು. ಅತ್ತೆ ಮುಟ್ಟಲು ಬಿಡದ ಮಡಿಯಲ್ಲಿ ಮಾತ್ರ ಹೆಚ್ಚಿನ ಗಿಡ ನಿಂತವು. ಒಂದು ಮಡಿ ನೋಡಿ ಏನೂ ಹೇಳಲಾಗದು ಎಂದು ಅಣ್ಣ ಬರೆದ.

"ಬರೋ ವರ್ಷ ಆರು ಮಡಿ ತಗೋ," ಎಂದರು ಮಾವ. "ನೋಡಿಕೊಳ್ಳೋದು ಮಾತ್ರ ನಿಮ್ಮತ್ತೆ."

ನನಗೆ ಸಿಟ್ಟು ಬಂತು. ಆದರೂ ಮಾರನೇ ದಿನವೇ ಇನ್ನಷ್ಟು ಬೂಷ್ಟು ಬೇಕೆಂದು ಅಣ್ಣನಿಗೆ ಕಾಗದ ಹಾಕಿದೆ.