ಮಿಸೆಸ್ ಪೆಟ್ರಿಶಿನ್ ಅವರ ಕೈಬಲ

ವಿನಿಪೆಗ್‌ನ ಶಾಲೆಯೊಂದರಲ್ಲಿ ಮಕ್ಕಳ ಊಟದ ಕೋಣೆ ನೋಡಿಕೊಳ್ಳುವ ಮಿಸೆಸ್ ಪೆಟ್ರಿಶಿನ್‌ಗೆ ಎಪ್ಪತ್ತು ದಾಟಿದೆ. ಯಾವ ಮಗುವನ್ನು ಯಾರೂ ಜೊತೆಗೆ ಸೇರಿಸಿಕೊಳ್ಳುತ್ತಿಲ್ಲ ಎಂಬುದನ್ನು ಅದು ಒಳಗೆ ಬರುವ ನಡಿಗೆಯಲ್ಲೇ ಗುರುತಿಸುತ್ತಾರೆ. ಅಂಥ ಮಗು ಮೊದಲು ಊಟ ಬಿಡುತ್ತದೆ, ಮೂರನೆಯ ದಿನ ಯಾರಿಗಾದರೂ ಗುದ್ದುತ್ತದೆ ಎಂಬುದು ಅವರ ಲೆಕ್ಕ. ಗುದ್ದುವ ಮೊದಲೇ ಅದರ, ಈ ಸಲ ಬ್ರಿನ್ ಎಂಬ ಹುಡುಗಿಯ, ಸೂಪಿನ ಫ್ಲಾಸ್ಕ್ ಎತ್ತಿಕೊಂಡು, ಹಲ್ಲು ಕಚ್ಚಿ ಮುಚ್ಚಳ ತಿರುಗಿಸಿದಂತೆ ಮಾಡಿ, "ನನ್ನ ಕೈಲಾಗಲ್ಲ ಕಣೇ ಬ್ರಿನ್, ಆ ಟೇಬಲ್‌ನವರನ್ನ ಕೇಳು" ಎನ್ನುತ್ತಾರೆ. ಅಲ್ಲಿ ನಾಲ್ವರು ಮುಚ್ಚಳಕ್ಕೆ ಮುಗಿಬೀಳುತ್ತಾರೆ. "ಬಿಡೋ, ನಿಂಗೆ ಬರಲ್ಲ, ನಾನು ತೆಗೀತೀನಿ. ಬ್ರಿನ್, ನೀನು ಕೂತ್ಕೊ." ಸೂಪು ಅಲ್ಲೇ ಖಾಲಿಯಾಗುತ್ತದೆ. ಅಜ್ಜಿಯ ಕೈಯಲ್ಲಿ ಶಕ್ತಿಯೇ ಇಲ್ಲವೆಂದು ಮಕ್ಕಳೆಲ್ಲ ಮರುಗುತ್ತಾರೆ. ಅವರ ಬೀದಿಯಲ್ಲಿ ಮಾತ್ರ, ಯಾರ ಮನೆಯ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಗಿದುಕೊಂಡರೂ, ಗಂಡಸರೆಲ್ಲ ಸೋತ ಮೇಲೆ, ಅದು ಬರುವುದು ಮಿಸೆಸ್ ಪೆಟ್ರಿಶಿನ್ ಅವರ ಬಾಗಿಲಿಗೇ.