ಹಳ್ಳದಾಚೆಯ ಚಿಲಕಮ್ಮ

ವಿಜಯವಾಡದ ಈ ಭವಾನಿಪುರಂನಲ್ಲಿ ಆಯುಧಪೂಜೆಯ ದಿನ ಸ್ಕೂಟರನ್ನು ತೊಳೆಯದವರು ನಮ್ಮ ಯಜಮಾನರು ಚಂದ್ರಹಾಸ ಒಬ್ಬರೇ. ಅಕ್ಕಪಕ್ಕದವರು ‘ನಾಸ್ತಿಕ’ ಅಂತಾರೆ. ಅವರ ತಲೆ! ಇವರು ನಾಸ್ತಿಕರಲ್ಲ, ಯಾರಿಗೂ ‘ಇಲ್ಲ’ ಅನ್ನಲು ಬಾರದವರು, ಅಷ್ಟೇ.

ನಂಜನಗೂಡಿನವರು. ಉಕ್ಕಿನ ಕಾರ್ಖಾನೆ ಕಟ್ಟುವಾಗ ವಿಶಾಖಪಟ್ಟಣಕ್ಕೆ ಬಂದು, ಆಮೇಲೆ ಒಬ್ಬ ಕಂಟ್ರಾಕ್ಟರ್ ಹತ್ತಿರ ಇಂಜಿನಿಯರಾದರು. ಎಂಬತ್ತೊಂಬತ್ತರಲ್ಲಿ ಆತ ಇವರನ್ನು ಬೆಟ್ಟದ ಮೇಲಿನ ಗಿರಿಜನರ ಊರಿಗೆ ಸೇತುವೆ ಕಟ್ಟಲು ಕಳಿಸಿದ.

ಅಲ್ಲಿನ ಪಂಚಾಯಿತಿ ಅಧ್ಯಕ್ಷೆ ಚಿಲಕಮ್ಮ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ಊರಿಗೆ ಆಸ್ಪತ್ರೆಯೇ ಇಲ್ಲ. ಬಸುರಿಯರನ್ನು ಬಿದಿರಿಗೆ ಕಟ್ಟಿದ ಜೋಲಿಯಲ್ಲಿ ಹೊತ್ತು ತಂದು ದಡದಲ್ಲೇ ಕಾಯಬೇಕು. ಅವಳ ಮಗಳು ಹಾಗೆಯೇ ಸತ್ತಿದ್ದಳು. ಈಗ ಸೊಸೆ ಬಸುರಿ. ಕಾಡಿನಲ್ಲಿದ್ದ ಬಂದೂಕಿನವರು, ಊರಿನವರ ಬಾಯಲ್ಲಿ ‘ಅಣ್ಣಗಳು’, ರಸ್ತೆ ಬಂದರೆ ಹಿಂದೆಯೇ ಪೊಲೀಸರು ಬರುತ್ತಾರೆಂದು ಹಠ ಹಿಡಿದಿದ್ದರು. ಚಿಲಕಮ್ಮ ಅವರ ಕಾಲಿಗೆ ಬಿದ್ದು ಒಪ್ಪಿಸಿದಳು. ಕರಾರು ಒಂದೇ: ಕೆಲಸದ ಜಾಗಕ್ಕೆ ಪೊಲೀಸರನ್ನು ಸೇರಿಸಕೂಡದು. ತಪ್ಪಿದರೆ ಅವಳೇ ಹೊಣೆ.

ಎರಡೂ ದಡದಲ್ಲಿ ಕಂಬ ಎದ್ದವು. ಮೇಲಿನ ಹಾಸು ಹಾಕುವುದಷ್ಟೇ ಬಾಕಿ ಅನ್ನುವಾಗ ಆಯುಧಪೂಜೆ ಬಂತು. ನಾನೂ ಕಡಲೆ ಉಸಲಿ ಮಾಡಿಕೊಂಡು ಹೋದೆ. ಕಾಂಕ್ರೀಟ್ ಕಲಸುವ ಯಂತ್ರಕ್ಕೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದೆವು. ಆರತಿ ಎತ್ತಿದವಳು ಚಿಲಕಮ್ಮನೇ. ಅವಳ ಮುಖದ ಕಳೆ ನೋಡಬೇಕಿತ್ತು!

ಆಗ ಗಸ್ತಿನ ಪೊಲೀಸ್ ಜೀಪು ಬಂದು ನಿಂತಿತು.

“ಏಮಂಡೀ, ನಮ್ಮ ಬಂಡಿಗೆ ಪೂಜೆ ಇಲ್ಲವಾ?” ಎಂದ ಅದರ ಅಧಿಕಾರಿ.

ನಾನು ಇವರ ಅಂಗಿ ಜಗ್ಗಿದೆ. “ರೀ, ಬೇಡ. ಕಳಿಸ್ಬಿಡಿ.”

“ಹಬ್ಬದ ದಿನ ಎದುರಿಗೆ ಬಂದ ಗಾಡೀನ ಹಾಗೇ ಕಳಿಸ್ತಾರೇನೇ? ನಮ್ಮಪ್ಪ ದಾರೀಲಿ ಹೋಗೋ ಗಾಡಿ ನಿಲ್ಲಿಸಿ ಕುಂಕುಮ ಇಡ್ತಿದ್ರು.”

ಜೀಪಿಗೆ ಹಾರ ಹಾಕಿದರು. ಬಂದೂಕುಗಳನ್ನೂ ಸಾಲಾಗಿ ಒರಗಿಸಿ ಕುಂಕುಮ ಇಟ್ಟರು. ಚಿಲಕಮ್ಮ ಆರತಿ ತಟ್ಟೆ ಕೆಳಗಿಟ್ಟು ಬೆಟ್ಟದ ಕಡೆ ನೋಡಿದಳು. ವಿನಾಶಕಾಲೇ ವಿಪರೀತಬುದ್ಧಿ ಅನ್ನುವುದು ಸುಮ್ಮನೆಯೇ? ಬೆಟ್ಟದ ಮೇಲಿಂದ ನೋಡುವವರು ನೋಡಿದ್ದರು.

ವಾರದೊಳಗೆ ಯಂತ್ರ ಸುಟ್ಟು ಕರಕಲಾಯಿತು. ಕಂಟ್ರಾಕ್ಟರ್ ಗಂಟುಮೂಟೆ ಕಟ್ಟಿದ. ಅಣ್ಣಗಳು ಊರೆದುರೇ ಚಿಲಕಮ್ಮನನ್ನು ಬಡಿದು ಅಧಿಕಾರ ಬಿಡಿಸಿದರು. ಆ ಕುರ್ಚಿಗೆ ಮತ್ತೆ ಯಾರೂ ಬರಲಿಲ್ಲ, ಸರಕಾರದ ಒಂದು ನರಪಿಳ್ಳೆಯೂ ಆ ಕಡೆ ತಲೆ ಹಾಕಲಿಲ್ಲ. ಹೆಂಗಸನ್ನು ಬಡಿದವರ ಕೈ ಸೇದಿಹೋಗಲಿ. ಪ್ರಸಾದ ತಿಂದು ಹೊರಟುಹೋದ ಜೀಪಿನವರಿಗೂ ನನ್ನ ಶಾಪ ತಟ್ಟಲಿ.

ಸೊಸೆಗೆ ನೋವು ಬಂದ ದಿನ ತುಫಾನಿನ ಮಳೆಗೆ ಹಳ್ಳ ತುಂಬಿ ಹರಿಯುತ್ತಿತ್ತು. ಜೋಲಿ ಹೊತ್ತವರು ಹೊಸ ಕಂಬದ ಬುಡದಲ್ಲಿ ಕಾದರು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಸುದ್ದಿ ಕೇಳಿ ಇವರು ಓಡಿದರು, ಜೊತೆಗೆ ನಾನೂ. ಅಷ್ಟರಲ್ಲಿ ನೀರು ಮೊಣಕಾಲಿಗೆ ಇಳಿದಿತ್ತು. ಇವರು ಹಳ್ಳಕ್ಕೆ ಕಾಲಿಟ್ಟಿದ್ದೇ ತಡ, ಆಚೆ ದಡದಲ್ಲಿ ಚಿಲಕಮ್ಮ ಎದ್ದು ನಿಂತಳು.

“ರಾವದ್ದು ಬಾಬೂ!” ಬರಬೇಡಿ ಎಂದು ಎರಡೂ ಕೈ ಅಡ್ಡ ಹಿಡಿದಳು. ಆಮೇಲೆ ತೆಲುಗಿನಲ್ಲೇ ಕೂಗಿ ಹೇಳಿದಳು: “ನೀವು ಈ ಕಡೆ ಬಂದರೆ ಉಳಿದಿರೋ ಮಗನನ್ನೂ ಅಣ್ಣಗಳು ಎಳಕೊಂಡು ಹೋಗ್ತಾರೆ.”

ಇವರು ನೀರಿನಲ್ಲೇ ನಿಂತು ಕೈ ಮುಗಿದರು. ಅವಳು ಆಗಲೇ ಊರ ಕಡೆ ತಿರುಗಿದ್ದಳು.