ಎರಡು ಹೊತ್ತಿನ ಹಾಲಿನ ನಡುವೆ

ವೆಂಕಟರತ್ನಮ್ಮ ನನ್ನ ವಾರಗಿತ್ತಿ, ನಾನು ಕರೆಯುವುದು ಅಕ್ಕ ಎಂದು. ವಾರಗಿತ್ತಿಯನ್ನು ಹೊಗಳುವ ರೂಢಿ ನಮ್ಮ ಕಡೆ ಇಲ್ಲ, ನನಗಂತೂ ಅದಕ್ಕೆ ಬಾಯಿಯೇ ಬರುವುದಿಲ್ಲ. ಹದಿನೆಂಟು ವರ್ಷ ಒಂದೇ ಒಲೆಯಲ್ಲಿ ಬೇಯಿಸಿಕೊಂಡು ತಿಂದೆವು, ಈಗ ಒಂದೇ ಗೋಡೆಯ ಆ ಕಡೆ ಅವಳು, ಈ ಕಡೆ ನಾನು. ಅವಳ ಹಟ ನನಗೆ ಗೊತ್ತು, ನನ್ನ ಸಿಟ್ಟು ಅವಳಿಗೆ ಗೊತ್ತು. ಆದರೂ ಅವಳ ವಿಷಯ ಯಾರಾದರೂ ಬರೆದಿಡಬೇಕು. ನಮ್ಮೂರ ಹೆಂಗಸರ ಗುಂಪಿನಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ ಆದ್ದರಿಂದ ಆ ಕೆಲಸ ನನ್ನ ತಲೆಗೇ ಬಂದಿದೆ.

ನಮ್ಮೂರು ಬಂಗಾರಪೇಟೆಗೂ ಕೆ.ಜಿ.ಎಫ್.ಗೂ ನಡುವೆ ಇದೆ. ಹೆಚ್ಚಿನ ಮನೆಗಳಲ್ಲಿ ಎರಡು ಮೂರು ಸೀಮೆಹಸು. ಬೆಳಿಗ್ಗೆ ಆರಕ್ಕೆ ಡೇರಿಗೆ ಹಾಲು, ಸಾಯಂಕಾಲ ಆರಕ್ಕೆ ಮತ್ತೆ ಹಾಲು. ಆರೂವರೆ ದಾಟಿದರೆ ಡೇರಿಯ ಬಾಗಿಲು ಮುಚ್ಚುತ್ತದೆ. ಗಂಡಸರು ಹುಲ್ಲು ತರುತ್ತಾರೆ, ಸಗಣಿಯನ್ನೂ ಬಾಚುತ್ತಾರೆ, ಆದರೆ ಹಾಲು ಕರೆಯುವವರು ನಾವೇ. ಒಂದು ಕೈ ರೂಢಿಯಾದ ಹಸು ಬೇರೆ ಕೈಗೆ ಹಾಲು ಇಳಿಸುವುದಿಲ್ಲ, ಒದೆಯುತ್ತದೆ. ಹೀಗಾಗಿ ತವರಿನ ಮದುವೆಗೆ ಹೋದರೂ ಊಟದ ಎಲೆಯಿಂದ ಎದ್ದು ನೇರ ಬಸ್ಸಿಗೆ ಓಡುವ ಜನ ನಾವು.

ಒಂದೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ ಬೆಂಗಳೂರಿನ ಕಾರೊಂದು ಅಕ್ಕನ ಮನೆ ಮುಂದೆ ನಿಂತಿತು. ಒಳಗಿದ್ದ ಹೆಂಗಸು ಕಪ್ಪು ಕನ್ನಡಕವನ್ನು ತಲೆಗೇರಿಸಿ, "ಇಲ್ಲಿ ಸುತ್ತಮುತ್ತ ನೋಡೋಕೆ ಏನೇನಿದೆ?" ಎಂದು ಕೇಳಿದಳು. ಅಕ್ಕ ಹುಲ್ಲಿನ ಹೊರೆ ಹೊತ್ತು ಸುಮ್ಮನೆ ನಿಂತಳು. ಮೂವತ್ತು ವರ್ಷ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಗೆ ಹೋಗಿ ಬಂದಿದ್ದಾಳೆ. ಕೋಟಿಲಿಂಗದ ಬೋರ್ಡು ನೋಡಿದ್ದಾಳೆ, ಲಿಂಗ ನೋಡಿಲ್ಲ. ಕಾರು ಹೋದ ಮೇಲೆ ಹೊರೆಯನ್ನು ನನ್ನ ಬಾಗಿಲಲ್ಲೇ ಎಸೆದಳು.

"ನಮ್ ಬಗ್ಲಾಗಿರೋದ್ನ ನೋಡೋಕೆ ಅವ್ರು ಬೆಂಗ್ಳೂರಿಂದ ಬತ್ತಾರೆ. ನಾವು ಇಲ್ಲೇ ಉಟ್ಟಿ, ಏನೂ ನೋಡ್ದೆ ಇಲ್ಲೇ ಸಾಯೋದಾ ಸುಕನ್ಯಾ?"

"ಆಲು ಕರಿಯೋದ್ಯಾರು?" ಎಂದೆ ನಾನು.

"ಎಂಟಕ್ಕೆ ಓಗಿ ಐದಕ್ಕೆ ಬರಾಣ. ಒಂಬತ್ ಗಂಟೆ ಐತಲ್ಲ ಮಧ್ಯೆ."

ಆ ಒಂಬತ್ತು ಗಂಟೆ ನಮ್ಮ ಕಣ್ಣೆದುರೇ ದಿನಾ ಇತ್ತು, ಯಾರಿಗೂ ಕಂಡಿರಲಿಲ್ಲ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಬಸ್ಸು ನಮ್ಮ ಹಸುಗಳ ಹೊತ್ತು ನೋಡಿಕೊಂಡು ಬರುವುದಿಲ್ಲವಲ್ಲ. ಅಕ್ಕ ಕೆ.ಜಿ.ಎಫ್. ಗಣಿ ಕಡೆಯ ಕೋರಮಂಡಲ್‌ಗೆ ಹೋಗಿ ಸೆಲ್ವರಾಜ್ ಎಂಬ ಟೆಂಪೋದವನನ್ನು ಗೊತ್ತು ಮಾಡಿಕೊಂಡು ಬಂದಳು. ನಾವಿಬ್ಬರೂ ಸೇರಿ ಹನ್ನೊಂದು ಜನ ಹೆಂಗಸರಾದೆವು. ಹನ್ನೆರಡನೆಯವಳು ಕನಕಮ್ಮಜ್ಜಿ, ನಮ್ಮ ಹೊಲಗಳಿಗೆ ಕೂಲಿಗೆ ಬರುವವಳು.

ಗಂಡಸರ ಪರವಾಗಿ ಮಾತಾಡಿದವನು ಅಕ್ಕನ ಗಂಡ, ಅಂದರೆ ನನ್ನ ಭಾವ ಮುನಿಸ್ವಾಮಪ್ಪ. ಡೇರಿ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದ: "ಓಗಿ, ಬೇಡ ಅನ್ನಲ್ಲ. ಆದ್ರೆ ಒಂದೇ ಒಂದೊತ್ತು ಆಲು ತಪ್ಪಿದ್ರೂ ಗಾಡಿ ಅಲ್ಲಿಗೆ ನಿಂತೋಯ್ತು."

"ಆಗ್ಲಿ," ಎಂದಳು ಅಕ್ಕ. ಯೋಚನೆ ಮಾಡಿ ಹೇಳುತ್ತೇನೆ ಎನ್ನುವ ಮಾತು ಅವಳ ಬಾಯಲ್ಲಿ ನಾನು ಇವತ್ತಿನವರೆಗೂ ಕೇಳಿಲ್ಲ.

ತಿಂಗಳಿಗೊಂದು ಊರು. ಮೊದಲು ಕಮ್ಮಸಂದ್ರದ ಕೋಟಿಲಿಂಗ. ಆಮೇಲೆ ಬಂಗಾರು ತಿರುಪತಿಯ ಗುಡ್ಡ ಹತ್ತಿ ಕಿಂಡಿಯಿಂದ ವೆಂಕಟರಮಣನನ್ನು ನೋಡಿದೆವು. ಬೂದಿಕೋಟೆಯಲ್ಲಿ ಬಂಡೆಗಳ ಮೇಲೆ ಕೋಟೆಗೋಡೆ ಹುಡುಕಿದೆವು, ಬೇತಮಂಗಲದ ಕೆರೆ ಏರಿಯ ಮೇಲೆ ಚಿತ್ರಾನ್ನ ತಿಂದೆವು. ಸೆಲ್ವರಾಜ್ ತನ್ನ ಬೀದಿಯ ಹಿಂದಿನ, ಚಿನ್ನದ ಗಣಿಯ ಸೈನೈಡ್ ದಿಬ್ಬ ತೋರಿಸಿ, "ಇದೆಲ್ಲಾ ಒಳಗಿಂದ ಬಂದ ಮಣ್ಣು ಮಾ, ನಮ್ಮ ಅಪ್ಪನೂ ಒಂದಿಷ್ಟು ತೆಗೆದವ್ನೇ," ಎಂದ. ಪ್ರತಿ ಜಾಗಕ್ಕೂ ಅಕ್ಕ ಮೊದಲು ಒಬ್ಬಳೇ ಬಸ್ಸಿನಲ್ಲಿ ಹೋಗಿ, ಪೂಜಾರಿಯನ್ನೋ ಹೂವಿನವಳನ್ನೋ ಕೇಳಿ ತಿಳಿದುಕೊಂಡು ಬರುತ್ತಿದ್ದಳು. ಆಮೇಲೆ ನಮ್ಮ ಮುಂದೆ ತಾನೇ ಕಟ್ಟಿಸಿದವಳಂತೆ ವರ್ಣಿಸುತ್ತಿದ್ದಳು. ಹೊರಡುವ ಹೊತ್ತಾದರೆ ಚೀಲದಿಂದ ಹಸುವಿನ ಕೊರಳ ಗಂಟೆ ತೆಗೆದು ಆಡಿಸುವಳು. ಎಲ್ಲಿದ್ದರೂ ನಾವು ಬಂದು ಸೇರುತ್ತಿದ್ದೆವು.

ಹದಿಮೂರು ಪ್ರವಾಸ ಆಯಿತು, ಒಂದು ಹೊತ್ತಿನ ಹಾಲೂ ತಪ್ಪಲಿಲ್ಲ. ಭಾವನ ಮುಖ ಸಣ್ಣದಾಗುತ್ತ ಬಂತು.

ಹದಿನಾಲ್ಕನೆಯದು ಆವಣಿ. ಕೆಳಗಿನ ರಾಮಲಿಂಗೇಶ್ವರನ ಗುಡಿಗಳನ್ನು ಸುತ್ತಿ, ಬುತ್ತಿ ಮುಗಿಸಿ, ಸೀತಮ್ಮನ ಗುಡಿಗೆಂದು ಬೆಟ್ಟ ಹತ್ತಿದೆವು. ಎಂದಿನಂತೆ ಚಪ್ಪಲಿಗಳನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟೆವು, ಎಂದಿನಂತೆ ಕನಕಮ್ಮಜ್ಜಿ ಅವುಗಳ ಪಕ್ಕ ಕೂತಳು. ಅಜ್ಜಿಗೆ ಮಂಡಿ ನೋವು, ನಡಿಗೆ ನಿಧಾನ. ಅವಳನ್ನು ಕರೆದುಕೊಂಡು ಹತ್ತಿದರೆ ಹೊತ್ತಾಗುತ್ತದೆಂದು ಮೊದಲ ಗುಡ್ಡದಲ್ಲೇ ನಮ್ಮಲ್ಲಿ ಯಾರೋ ಅಂದಿದ್ದರು. ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ, ಗುಡ್ಡ ಕಂಡ ಕೂಡಲೇ ಅವಳೇ ನೆರಳು ನೋಡಿ ಕೂತುಬಿಡುತ್ತಿದ್ದಳು.

ಮೇಲೆ ಗುಡಿ ನೋಡಿ, ಲವಕುಶರ ಕಥೆ ಹೇಳಿಸಿಕೊಂಡು, ಅಕ್ಕನ ಗಂಟೆ ಕೇಳಿ ಇಳಿಯತೊಡಗಿದಾಗ ಗಂಟೆ ಮೂರು. ಅರ್ಧ ದಾರಿಗೆ ಬಂದಿದ್ದೆವು. ಕೆಳಗಿನಿಂದ ಕನಕಮ್ಮಜ್ಜಿ ಒಂದೊಂದೇ ಬಂಡೆ ಹಿಡಿದು ಹತ್ತಿ ಬರುತ್ತಿದ್ದಾಳೆ! ತಲೆಯ ಮೇಲೆ ಗೋಣಿಚೀಲ. ನಮ್ಮ ಮುಂದೆ ಬಂದು ಅದನ್ನು ಧೊಪ್ಪೆಂದು ಇಳಿಸಿದಳು. ಹನ್ನೊಂದು ಜೊತೆ ಚಪ್ಪಲಿ.

"ನಿಮ್ ಚಪ್ಲಿ ಇಲ್ಲೇ ಅವೆ, ಎಣಿಸ್ಕೊಳ್ಳಿ," ಎಂದಳು ಏದುಸಿರಿನಲ್ಲಿ. "ಕಳ್ದೋದ್ರೆ ನನ್ ತಲೆಗ್ ಬತ್ತದೆ ಅಂತ ಒತ್ಕೊಂಡೇ ಬಂದೆ. ಎಲ್ಲಾ ಊರ್ನಾಗೂ ನಾನು ಚಪ್ಲೀನೇ ನೋಡಿದ್ದು. ಇವತ್ತು ಮೇಲೇನೈತೆ ನೋಡ್ಬೇಕು."

ನನಗೆ ರೇಗಿತು. ಮನೆಯಲ್ಲಿ ನನ್ನವು ಎರಡು ಹಸು, ಒಂದು ಕರು ಹಾಕಿ ಇಪ್ಪತ್ತು ದಿನ ಆಗಿತ್ತು ಅಷ್ಟೆ. "ನಿಂಗೇನಜ್ಜಿ, ನಿನ್ ಮನೇಲಿ ಅಸೂನೇ ಇಲ್ಲ!" ಎಂದುಬಿಟ್ಟೆ.

ಅಜ್ಜಿ ನನ್ನನ್ನು ನೋಡಿದಳು. ಆ ಮಾತು ನೆನಪಾದಾಗ ಈಗಲೂ ನನಗೆ ನಾಚಿಕೆಯಾಗುತ್ತದೆ. ಹದಿಮೂರು ಸಲ ನಾವು ಹೊತ್ತಿಗೆ ಸರಿಯಾಗಿ ಮನೆ ಸೇರಿದ್ದು ಅವಳನ್ನು ಕೆಳಗೆ ಕೂರಿಸಿ.

ಅಕ್ಕ ಆ ಗೋಣಿಚೀಲವನ್ನು ನೋಡಿದಳು. ಗಂಟೆಯನ್ನು ತನ್ನ ಚೀಲದೊಳಕ್ಕೆ ಹಾಕಿ ಅಜ್ಜಿಯ ರಟ್ಟೆ ಹಿಡಿದಳು. "ನಡಿ ಕನಕಮ್ಮ. ತಪ್ಪು ನಂದು. ಎಲ್ಲಾರೂ ಮೇಲಕ್ಕೇ."

"ಆಲು ತಪ್ತದೆ ಅಕ್ಕಾ! ಇನ್ ಮೇಲೆ ಗಾಡೀನೇ ಇರಲ್ಲ!" ಎಂದು ನಾನು ಕೂಗಿದೆ.

"ಆಲು ತಪ್ಪಲ್ಲ," ಎಂದು ಅಲ್ಲೇ ನಿಂತು ಭಾವನಿಗೆ ಫೋನ್ ಹಚ್ಚಿದಳು. "ಇವತ್ತು ನಾವು ಬರೋದು ಲೇಟು. ಆಲು ನೀನೇ ಕರಿ."

ಭಾವನ ಕೂಗು ಸುತ್ತ ನಿಂತವರಿಗೆಲ್ಲ ಕೇಳಿಸಿತು. "ಗೌರಿ ಒದೀತದೆ ಕಣೇ! ನನ್ನ ಅತ್ರಕ್ಕೇ ಬಿಟ್ಕೊಳಲ್ಲ ಅದು!"

"ಕೊಟ್ಗೆ ಮೊಳೆಗೆ ನನ್ ನೈಲಾನ್ ಸೀರೆ ಐತೆ. ಮೈಗ್ ಸುತ್ಕೊಂಡು, ತಲೆ ಮೇಲೆ ಸೆರಗಾಕ್ಕೊಂಡು ಕೂತ್ಕೊ. ನನ್ ವಾಸ್ನೆ ಅಂತ ಸುಮ್ಕಾಯ್ತದೆ."

"ಸತ್ರೂ ಉಡಲ್ಲ!"

"ಸಾಯೋದು ಆಮೇಲೆ. ಐದೂವರೆಗೆ ಕರಿ," ಎಂದು ಫೋನ್ ಇಟ್ಟಳು. ಹಸುವನ್ನು ಹಾಗೆ ಒಲಿಸುವ ಉಪಾಯ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು, ಗಂಡಸರು ಯಾರೂ ಒಪ್ಪುವುದಿಲ್ಲ ಎನ್ನುವುದೂ ಗೊತ್ತು. ಆದರೂ ಒಬ್ಬೊಬ್ಬರಾಗಿ ನಾವೂ ಫೋನ್ ತೆಗೆದೆವು. ನನ್ನ ಗಂಡ ಹತ್ತು ನಿಮಿಷ ಬೈದ. ನಾನು ಕೇಳಿಸಿಕೊಂಡು, ಸೀರೆ ಎಲ್ಲಿದೆ ಎಂದು ಹೇಳಿದೆ.

ಅಜ್ಜಿಯನ್ನು ಮೇಲೆ ಮುಟ್ಟಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೆಲವು ಕಡೆ ಅಕ್ಕ ಹಿಂದಿನಿಂದ ತಳ್ಳಿದಳು, ನಾನು ಮುಂದಿನಿಂದ ಎಳೆದೆ. ಗುಡಿಯಲ್ಲಿ ಕೈಮುಗಿದು ಹೊರಗೆ ಬಂದ ಅಜ್ಜಿ ಬಂಡೆಯ ಮೇಲೆ ಕೂತು, ಕೆಳಗಿನ ಕೆರೆಗಳು, ರಾಗಿ ಹೊಲಗಳು, ದೂರದ ಕಲ್ಲುಬೆಟ್ಟಗಳನ್ನು ಒಂದೊಂದಾಗಿ ನೋಡಿದಳು.

"ಸೀತಮ್ಮನ್ನ ಏನ್ ಬೇಡ್ಕೊಂಡೆ ಅಜ್ಜಿ?" ಎಂದು ಕೇಳಿದೆ. ನನಗೆ ಅವಳ ಹತ್ತಿರ ಹೇಗಾದರೂ ಮಾತಾಡಬೇಕಿತ್ತು.

"ಏನೂ ಇಲ್ಲ ಕಣವ್ವ. ನೋಡ್ದೆ, ಅಷ್ಟೆ," ಎಂದಳು.

ಸೆಲ್ವರಾಜ್ ಎಷ್ಟು ಓಡಿಸಿದರೂ ಊರು ಮುಟ್ಟಿದಾಗ ಆರೂ ಇಪ್ಪತ್ತೈದು. ದಾರಿಯುದ್ದಕ್ಕೂ ಯಾರೂ ಹಾಡಲಿಲ್ಲ, ಇದೇ ಕೊನೆಯ ಪ್ರವಾಸ ಎಂದು ಎಲ್ಲರೂ ಮನಸ್ಸಿನಲ್ಲೇ ಅಂದುಕೊಂಡಿದ್ದೆವು. ಅಕ್ಕ ಒಬ್ಬಳೇ ಕಿಟಕಿಗೆ ತಲೆಯಾನಿಸಿ ಹಾಯಾಗಿ ನಿದ್ದೆ ಹೋಗಿದ್ದಳು.

ಡೇರಿ ಮುಂದೆ ಕ್ಯಾನು ಹಿಡಿದ ಗಂಡಸರ ಸಾಲು. ಎಲ್ಲರ ಪಂಚೆ ಒದ್ದೆ, ಒಬ್ಬ ಕುಂಟುತ್ತಿದ್ದ. ನನ್ನ ಗಂಡನ ಮುಂಗೈಯಲ್ಲಿ ಗೊರಸಿನ ಗುರುತು. ಎಲ್ಲರ ಹಿಂದೆ, ಬಾಗಿಲು ಮುಚ್ಚುತ್ತದೆಂದು ಕೊಟ್ಟಿಗೆಯಿಂದ ಎದ್ದವನೇ ಓಡಿ ಬಂದ ಭಾವ ನಿಂತಿದ್ದ. ಓಟದ ಗಡಿಬಿಡಿಯಲ್ಲಿ ಮೈ ಮೇಲಿನದು ಮರೆತೇ ಹೋಗಿತ್ತು. ಹಳದಿ ಹೂವಿನ ನೈಲಾನ್ ಸೀರೆ, ತಲೆಯ ಮೇಲೆ ಸೆರಗು.

ನಾವು ಯಾರೂ ನಗಲಿಲ್ಲ. ನಕ್ಕರೆ ಎಲ್ಲಾ ಕೆಡುತ್ತದೆಂದು ತುಟಿ ಕಚ್ಚಿಕೊಂಡೆವು. ಭಾವನಿಗೆ ಆಗ ಮೈ ಮೇಲಿನ ಸೀರೆಯ ಅರಿವು ಬಂತು. ಸೆರಗು ಇಳಿಸಲು ಹೋದ, ಕೈಯಲ್ಲಿ ತುಂಬಿದ ಕ್ಯಾನು. ಟೆಂಪೋದಿಂದ ಇಳಿದ ಕನಕಮ್ಮಜ್ಜಿಯ ಕಡೆ ತಿರುಗಿ, ಏನಾದರೂ ಕೇಳಲೇಬೇಕೆಂಬಂತೆ ಕೇಳಿದ: "ಏನಜ್ಜಿ, ಮೇಲಿಂದ ಏನ್ ಕಾಣ್ತದೆ?"

"ಬಾರಪ್ಪ ಒಂದ್ಸಲ, ನೀನೂ ನೋಡುವಂತೆ," ಎಂದಳು ಅಜ್ಜಿ.

ಅಕ್ಕ ಕ್ಯಾನಿನೊಳಗೆ ಬಗ್ಗಿ ನೋಡಿದಳು. "ಒಂದ್ ಲೀಟ್ರು ಕೆಚ್ಲಲ್ಲೇ ಬಿಟ್ಟಿದೀಯ," ಎಂದು ಗಂಡನ ಮೈಯಿಂದ ಸೀರೆ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೊಟ್ಟಿಗೆಗೆ ನಡೆದಳು. ಹಾಲು ತಪ್ಪಿರಲಿಲ್ಲ. ಗಾಡಿ ನಿಲ್ಲಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಈಗ ನಾವು ಐದಕ್ಕೇ ಬರಬೇಕೆಂದಿಲ್ಲ. ಗೌರಿಗೂ ಭಾವನ ಕೈ ರೂಢಿಯಾಗುತ್ತಿದೆ, ಸೀರೆ ಇನ್ನೂ ಬೇಕು. ಟೆಂಪೋದ ಮುಂದಿನ ಸೀಟು ಕನಕಮ್ಮಜ್ಜಿಯದು. ಬರುವ ತಿಂಗಳು ಕೋಲಾರದ ಅಂತರಗಂಗೆ, ಅಲ್ಲಿ ಮೆಟ್ಟಿಲು ಬಹಳ. ಚಪ್ಪಲಿ ಕಾಯುವುದಕ್ಕೆ ಅಕ್ಕ ಸರದಿ ಹಾಕಿದ್ದಾಳೆ. ಮೊದಲ ಸರದಿ ನನಗೆ ಬೇಕೆಂದು ನಾನೇ ಕೇಳಿಕೊಂಡಿದ್ದೇನೆ.